ಮರದ ದೋಣಿ ಕಟ್ಟುವ ತರಬೇತಿ: ಮೂರು ವರ್ಷ ಆದಮೇಲೆ

ನಾನು ಹಾವೇರಿ ಕಡೆಯವನು, ಮನೆತನದ ಕಸುಬು ಬಡಿಗತನ. ಮೂರು ವರ್ಷದ ಹಿಂದೆ ಕರಾವಳಿಯ ಒಂದು ಕೇಂದ್ರದಲ್ಲಿ ಮರದ ದೋಣಿ ಕಟ್ಟುವುದು, ಅದರ ಇಂಜಿನ್, ವೈರಿಂಗ್ ಎಲ್ಲಾ ಸೇರಿದ ಒಂಬತ್ತು ತಿಂಗಳ ಕೋರ್ಸ್ ಮಾಡಿದೆ. ಈಗ ಗಳಗನಾಥದ ಹತ್ತಿರ, ವರದಾ ತುಂಗಭದ್ರೆಗೆ ಸೇರುವ ಕಡೆ, ದೋಣಿ ರಿಪೇರಿ ಮಾಡುತ್ತೇನೆ. ಸೇರಬಹುದಾ ಅಂತ ಹುಡುಗರು ಫೋನ್ ಮಾಡಿ ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮರದ ಕೆಲಸ ಕಲಿಸಿದ್ದು ಬಹಳ ಚೆನ್ನಾಗಿತ್ತು. ಬಾಗಿಲು ಕಿಟಕಿ ಮಾಡುವವರಿಗೆ ಎಲ್ಲವೂ ನೇರ, ದೋಣಿಯಲ್ಲಿ ನೇರ ಗೆರೆಯೇ ಸಿಗುವುದಿಲ್ಲ. ಹಲಗೆಯನ್ನು ಉಗಿಪೆಟ್ಟಿಗೆಯಲ್ಲಿ ಇಂಚು ದಪ್ಪಕ್ಕೆ ಸುಮಾರು ಒಂದು ಗಂಟೆ ಲೆಕ್ಕದಲ್ಲಿ ಬೇಯಿಸಿ, ಹೊರಗೆ ತೆಗೆದ ಕೂಡಲೇ ಬಗ್ಗಿಸಿ ಕ್ಲ್ಯಾಂಪ್ ಹಾಕಬೇಕು. ತಡವಾದರೆ ಸೀಳುತ್ತದೆ. ನಾನು ಎರಡು ಹಲಗೆ ಸೀಳಿದೆ.

ನೀರು ಒಳಗೆ ಬರದಂತೆ ಹಲಗೆಗಳ ನಡುವಿನ ಸಂದಿಗೆ ಹತ್ತಿ ಬತ್ತಿ ತುಂಬಿ ಬಡಿಯುವುದು ಕೈಗೆ ಹತ್ತಲು ಇಪ್ಪತ್ತು ದಿನ ಬೇಕಾಯಿತು. ಸಂದಿ ಖಾಲಿ ಇದ್ದಾಗ ಸುತ್ತಿಗೆಯ ಸದ್ದು ಮೆತ್ತಗಿರುತ್ತದೆ, ತುಂಬಿದಂತೆ ಗಟ್ಟಿಯಾಗುತ್ತದೆ. ಮೇಷ್ಟ್ರು ಆ ಕಡೆ ಮುಖ ಮಾಡಿ ನಿಂತೇ "ಅಲ್ಲಿ ಇನ್ನೊಂದು ಏಟು" ಅನ್ನುತ್ತಿದ್ದರು. ಜಾಸ್ತಿ ಬಡಿದರೂ ತಪ್ಪು, ಮರ ನೀರು ಕುಡಿದು ಉಬ್ಬಿದಾಗ ಜಾಗ ಸಾಲದೆ ಹಲಗೆ ಮೊಳೆ ಬಿಟ್ಟು ಎದ್ದುಬರುತ್ತದೆ.

ಇಂಜಿನ್ ಭಾಗದಲ್ಲಿ ಮಾತ್ರ ನಿಜಕ್ಕೂ ಬೇಜಾರಾಯಿತು. ಆರು ವಾರ ಅಂತ ಹೇಳಿದ್ದರು, ಡೀಸೆಲ್ ಇಂಜಿನ್ ಕೆಟ್ಟು ನಿಂತಿದ್ದರಿಂದ ಹನ್ನೊಂದೇ ದಿನ ಸಿಕ್ಕಿತು. ನೀರೊಳಗೆ ತಿರುಗಿ ದೋಣಿಯನ್ನು ತಳ್ಳುವ ಫ್ಯಾನಿನ ದಂಡ ದೋಣಿಯಿಂದ ಹೊರಗೆ ಹೋಗುವಲ್ಲಿ ತಿರುಗುವಾಗ ತೊಟ್ಟು ತೊಟ್ಟು ನೀರು ಬಿದ್ದರೆ ಸರಿ, ಪೂರ್ತಿ ಬಿಗಿದರೆ ದಂಡ ಬಿಸಿಯಾಗಿ ಸವೆಯುತ್ತದೆ ಅನ್ನೋದನ್ನು ಬೋರ್ಡಿನ ಚಿತ್ರದಲ್ಲಿ ಕಲಿತೆವು. ಕೈಯಲ್ಲಿ ನಟ್ಟು ಹಿಡಿದು ಕಲಿಯುವ ವಿಷಯ ಅದು, ಅಲ್ವಾ?

ಇನ್ನೊಂದು, ಪಾಠವೆಲ್ಲ ಸಮುದ್ರದ್ದೇ. ಮರ ಕೊರೆಯುವ ಹುಳುವಿನ ಬಗ್ಗೆ ವಾರಗಟ್ಟಲೆ ಹೇಳಿದರು. ನಮ್ಮ ಹೊಳೆಯಲ್ಲಿ ಆ ಕಾಟ ಇಲ್ಲ, ಇಲ್ಲಿ ಮಳೆನೀರು ನಿಂತ ಮೂಲೆಯಲ್ಲಿ ಮರ ಕೊಳೆಯುತ್ತದೆ. ಲೋಹದ ಭಾಗ ಕಾಯಲು ಹಾಕುವ ಸತುವಿನ ತುಂಡು ಉಪ್ಪುನೀರಿನಲ್ಲಿ ತಾನು ಸವೆದು ಉಳಿದದ್ದನ್ನು ಉಳಿಸುತ್ತದೆ. ಸಿಹಿನೀರಿನಲ್ಲಿ ಅದಕ್ಕೆ ಪದರ ಕಟ್ಟಿ ಸುಮ್ನೆ ಕೂತುಬಿಡುತ್ತದೆ, ಮೆಗ್ನೀಸಿಯಂ ಹಾಕಬೇಕು. ಇದು ಗೊತ್ತಾಗುವಷ್ಟರಲ್ಲಿ ಒಬ್ಬರ ಮೋಟಾರಿನ ತಳ ತಿಂದುಹೋಗಿತ್ತು.

ಹೋದ ಬೇಸಿಗೆಯಲ್ಲಿ ದಡದಲ್ಲಿ ಒಣಗಿದ ದೋಣಿಯೊಂದರ ಸಂದಿಯೊಳಗೆ ಬೆರಳ ತುದಿ ಹೋಗುತ್ತಿತ್ತು. ಯಜಮಾನರು ಡಾಂಬರು ಕಾಯಿಸಲು ಒಲೆ ಹೂಡಿದ್ದರು. "ಕಾಕಾ, ಈಗ ಏನೂ ತುಂಬಬ್ಯಾಡ್ರಿ, ಗೋಣಿಚೀಲ ಹೊದಿಸಿ ನೀರು ಹೊಡೀರಿ" ಅಂದೆ. ಐದನೇ ದಿನ ಸಂದಿಗಳು ಕೂಡಿಕೊಂಡವು, ಎರಡೇ ಕಡೆ ಹತ್ತಿ ಬಡಿದೆ.

ಬಡಿಗತನ ಬರುವವರು ಧೈರ್ಯವಾಗಿ ಸೇರಬಹುದು. ಆದರೆ ಫೀಸು ಕಟ್ಟುವ ಮೊದಲು ವರ್ಕ್‌ಶಾಪಿಗೆ ಹೋಗಿ, ಇಂಜಿನ್ ಶುರು ಮಾಡಿ ತೋರಿಸಿ ಅಂತ ಕೇಳಿ.