ಗೋಡೆ ತುಂಬ ಫೋಮ್ ಅಂಟಿಸುವ ಮೊದಲು ಇದನ್ನು ಓದಿ

ಮನೆಯ ಒಂದು ಕೋಣೆಯನ್ನು ಮಿಕ್ಸಿಂಗ್ ರೂಮ್ (ಹಾಡಿನ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಜಾಗ) ಮಾಡಿಕೊಳ್ಳಲು ಹೊರಟಿದ್ದೀರಾ? ಸದ್ದು ಹೀರುವ ಫೋಮ್ ಟೈಲ್‌ಗಳ ಕಿಟ್ ತರಿಸಬೇಕು ಅಂದುಕೊಂಡಿದ್ದೀರಾ? ದಯವಿಟ್ಟು ಒಂದು ದಿನ ತಡೆಯಿರಿ. ನಾನು ಅದನ್ನೇ ಮಾಡಿದೆ. ಕೆಟ್ಟದ್ದು ನನ್ನ ಗೆಳತಿಯೊಬ್ಬಳ ಐದು ಹಾಡು.

ನನ್ನ ಕೋಣೆ 3.4 ಮೀಟರ್ ಉದ್ದ, 2.8 ಮೀಟರ್ ಅಗಲ, ಎತ್ತರವೂ 2.8 ಮೀಟರ್. ಅಗಲ ಎತ್ತರ ಒಂದೇ ಆಗಿರುವುದು ಎಂಥ ಕಾಟ ಎಂದು ಆಗ ತಿಳಿದಿರಲಿಲ್ಲ. ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಯಿಂದ ಗೋಡೆಗೆ ಪಟಪಟ ಪುಟಿಯುತ್ತಿತ್ತು. ಅದೊಂದು ಹೋದರೆ ಸಾಕು ಎಂಬುದಷ್ಟೇ ತಲೆಯಲ್ಲಿತ್ತು. ಫೋಮ್ ಮಾರುವವರನ್ನು ಕೇಳಿದೆ. ಅವರು ಕೋಣೆಯ ಅಳತೆ ಕೇಳಲಿಲ್ಲ, ಸ್ಪೀಕರ್ ಎಲ್ಲಿಡುತ್ತೀರಿ ಎಂದೂ ಕೇಳಲಿಲ್ಲ. "ನಾಲ್ಕೂ ಗೋಡೆಗೆ ಹೊಡೆದುಬಿಡಿ ಸಾರ್, ಪಕ್ಕಾ ಸ್ಟುಡಿಯೋ ಆಗುತ್ತೆ. ಸೌಂಡು ಹೊರಗೂ ಹೋಗಲ್ಲ" ಅಂದರು. ಆ ಎರಡೂ ಮಾತು ಸುಳ್ಳು.

ಒಂದಿಂಚು ದಪ್ಪದ ಟೈಲ್‌ಗಳನ್ನು ಎರಡು ದಿನ ಕೂತು ಸ್ಪ್ರೇ ಅಂಟಿನಿಂದ ಅಂಟಿಸಿದೆ. ಮುಗಿದ ಮೇಲೆ ಮತ್ತೆ ಚಪ್ಪಾಳೆ ತಟ್ಟಿದರೆ ಏನೂ ಇಲ್ಲ, ಪೂರ್ತಿ ಮೌನ. ಆ ಮೌನ ಕೇಳಿ ನನಗಾದ ಖುಷಿಯೇ ನನ್ನನ್ನು ದಾರಿ ತಪ್ಪಿಸಿತು. ಚಪ್ಪಾಳೆಯಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಮೇಲಿನ ಆವರ್ತನಗಳು, ಅಂದರೆ ಚೂಪು ಸದ್ದು. ಬೇಸ್, ಅಂದರೆ ತಗ್ಗಿನ ಸದ್ದಿನ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ.

ಆ ಕೋಣೆಯಲ್ಲಿ ಕೂತು ಗೆಳತಿಯ ಐದು ಹಾಡು ಮಿಕ್ಸ್ ಮಾಡಿದೆ. ಒಂದು ವರ್ಷ ಅವಳು ಅದಕ್ಕಾಗಿ ದುಡಿದಿದ್ದಳು. ಮೂರನೇ ಹಾಡಿನಲ್ಲಿ ಬೇಸ್ ಗಿಟಾರ್ ಮತ್ತೆ ಮತ್ತೆ ಕೆಳಗಿನ ಬಿ ಸ್ವರಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಸಲ ಅಲ್ಲಿಗೆ ಬಂದಾಗ ಬೇಸ್ ಮಾಯವಾಗುತ್ತಿತ್ತು. ನುಡಿಸಿದವರ ಬೆರಳು ಸಡಿಲವಾಗಿದೆ ಅಂದುಕೊಂಡು ನಾನು ಅಲ್ಲಲ್ಲಿ ಏರಿಸಿದೆ. ದನಿ ಮಂಕಾಗಿ, ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಕೇಳುತ್ತಿತ್ತು, ಅದಕ್ಕೆ ಮೇಲಿನ ಆವರ್ತನ ಏರಿಸಿ ರಿವರ್ಬ್ (ಅನುರಣನ) ಸುರಿದೆ. ಕಳಿಸಿದ ದಿನ ರಾತ್ರಿ ಅವಳ ಫೋನ್ ಬಂತು. ಕಾರಿನಲ್ಲಿ ಕೂತು ಕೇಳಿದ್ದಳು. "ಇದು ನನ್ನ ದನಿ ಹೌದೇನೋ? 'ಸ' ಬಂದಾಗೆಲ್ಲ ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತೆ. ಬೇಸ್‌ಗೆ ಕಾರಿನ ಬಾಗಿಲೇ ನಡುಗುತ್ತೆ." ಜಗಳವಾಡಲಿಲ್ಲ ಅವಳು. ಅಳು ತಡೆದುಕೊಂಡು ಮಾತಾಡಿದಳು. ನನಗೆ ಅದನ್ನು ಮರೆಯಲಾಗಿಲ್ಲ.

ಮರುದಿನ ಅಳತೆಯ ಮೈಕ್ ಒಂದನ್ನು ಎರವಲು ತಂದೆ. ರೂಮ್ ಇಕ್ಯೂ ವಿಝಾರ್ಡ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ತಗ್ಗಿನಿಂದ ಮೇಲಿನವರೆಗೆ ಒಂದು ಸ್ವೀಪ್ ನುಡಿಸಿ, ನಾನು ಕೂರುವ ಜಾಗದಲ್ಲಿ ಏನು ಕೇಳುತ್ತದೆ ಎಂದು ಗೆರೆ ಎಳೆದು ತೋರಿಸುತ್ತದೆ. ನನ್ನ ಗೆರೆ 61 ಹರ್ಟ್ಸ್ ಬಳಿ ಸುಮಾರು 20 ಡೆಸಿಬೆಲ್ ಕೆಳಗೆ ಬಿದ್ದಿತ್ತು. ಬೇಸ್ ಗಿಟಾರಿನ ಆ ಬಿ ಸ್ವರ 61.7 ಹರ್ಟ್ಸ್. ನುಡಿಸಿದವರದು ಏನೂ ತಪ್ಪಿರಲಿಲ್ಲ, ನನ್ನ ಕೋಣೆ ಅದನ್ನು ನುಂಗುತ್ತಿತ್ತು.

ಲೆಕ್ಕ ಇಷ್ಟೇ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಎರಡು ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿ. ಆ ದಿಕ್ಕಿನಲ್ಲಿ ಕೋಣೆ ಗುಂಯ್‌ಗುಡುವ ಮೊದಲ ಆವರ್ತನ ಸಿಗುತ್ತದೆ. 3.4 ಮೀಟರಿಗೆ 50 ಹರ್ಟ್ಸ್, 2.8ಕ್ಕೆ 61. ನನ್ನಲ್ಲಿ ಅಗಲದ್ದೂ ಎತ್ತರದ್ದೂ 61ರಲ್ಲೇ ಬಂದು ಕೂತಿದ್ದವು. ಇಂಥ ಆವರ್ತನದಲ್ಲಿ ಸದ್ದು ಗೋಡೆಯ ಬಳಿ ಉಬ್ಬುತ್ತದೆ, ನಡುವಿನಲ್ಲಿ ಬತ್ತಿಹೋಗುತ್ತದೆ. ನನ್ನ ಕುರ್ಚಿ ಇದ್ದದ್ದು ಕೋಣೆಯ ನಟ್ಟನಡುವೆ. ಕೂತಾಗ ಕಿವಿ ನೆಲದಿಂದ 1.2 ಮೀಟರ್ ಮೇಲೆ, ಅದೂ ನೆಲ ಛಾವಣಿಗಳ ನಡುವಿಗೆ ಹತ್ತಿರವೇ. ಇಡೀ ಕೋಣೆಯಲ್ಲಿ ಬೇಸ್ ಕೇಳಲು ಇದಕ್ಕಿಂತ ಕೆಟ್ಟ ಜಾಗ ಇರಲಿಲ್ಲ.

ಫೋಮ್ ಯಾಕೆ ಇದನ್ನು ಸರಿಮಾಡಲಿಲ್ಲ? ಫೋಮ್, ಗಾಜಿನ ಉಣ್ಣೆ, ಕಲ್ಲಿನ ಉಣ್ಣೆ (ಕಲ್ಲು ಕರಗಿಸಿ ಮಾಡಿದ ನಾರು) ಇವೆಲ್ಲ ಗಾಳಿಯ ಓಡಾಟವನ್ನು ತಡೆದು ಸದ್ದನ್ನು ಹೀರುತ್ತವೆ. ಗೋಡೆಗೆ ತಾಗಿಕೊಂಡ ಗಾಳಿ ಅಲುಗುವುದೇ ಇಲ್ಲ. ಅಲೆಯ ಉದ್ದದ ಕಾಲುಭಾಗದಷ್ಟು ಆಚೆ ಬಂದಾಗ ಅದು ಅತಿ ಹೆಚ್ಚು ಅಲುಗುತ್ತದೆ. 61 ಹರ್ಟ್ಸ್‌ಗೆ ಆ ಜಾಗ ಗೋಡೆಯಿಂದ 1.4 ಮೀಟರ್ ಆಚೆ. ಗೋಡೆಗೆ ಮೆತ್ತಿದ ಎರಡೂವರೆ ಸೆಂಟಿಮೀಟರ್ ಫೋಮ್‌ನ ಅರಿವಿಗೇ ಬಾರದೆ ಬೇಸ್ ಹೋಗಿ ಬರುತ್ತದೆ. 1000 ಹರ್ಟ್ಸ್‌ನಿಂದ ಮೇಲಿನದ್ದನ್ನು ಮಾತ್ರ ಅದು ಚೆನ್ನಾಗಿ ತಿನ್ನುತ್ತದೆ, ಎಲ್ಲ ಕಡೆ ಅಂಟಿಸಿದರೆ ಅತಿಯಾಗಿ ತಿನ್ನುತ್ತದೆ. ನನ್ನ ಕೋಣೆಯಲ್ಲಿ ಮೇಲಿನ ಸದ್ದು ಕ್ಷಣದಲ್ಲಿ ಸಾಯುತ್ತಿತ್ತು, 50 ಹರ್ಟ್ಸ್ ಮಾತ್ರ ಒಂದು ಸೆಕೆಂಡಿನವರೆಗೆ ಎಳೆಯುತ್ತಿತ್ತು. ಬರಿಯ ಗೋಡೆಯಲ್ಲಿ ಮಿಕ್ಸ್ ಮಾಡಿದ್ದರೂ ಇಷ್ಟು ಕೆಡುತ್ತಿರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಮೊಟ್ಟೆಯ ಟ್ರೇ ಅಂಟಿಸುವವರಿಗೂ ಇದೇ ಮಾತು, ಅದು ಇನ್ನೂ ಕಡೆ.

ಸದ್ದು ಹೊರಗೆ ಹೋಗುವುದಿಲ್ಲ ಎಂಬ ಮಾತೂ ಹಾಗೆಯೇ. ಫೋಮ್‌ನೊಳಗೆ ಗಾಳಿ ಆಡುತ್ತದೆ, ಗಾಳಿ ಹೋದಲ್ಲಿ ಸದ್ದೂ ಹೋಗುತ್ತದೆ. ಸದ್ದು ತಡೆಯಲು ತೂಕ ಬೇಕು, ಸಂದಿಯಿಲ್ಲದ ಬಾಗಿಲು ಬೇಕು. ಅದು ಬೇರೆಯೇ ಕೆಲಸ.

ಇನ್ನೊಂದು ವಿಷಯವನ್ನು ಜೋರಾಗಿಯೇ ಹೇಳಬೇಕು: ಬೆಂಕಿ. ಫೋಮ್ ಕೀಳುವಾಗ ನೋಡಿದರೆ, ಅಡಾಪ್ಟರ್‌ಗಳು ಬಿಸಿಯಾಗುವ ಪವರ್ ಸ್ಟ್ರಿಪ್ ಫೋಮ್‌ಗೆ ಒತ್ತಿಕೊಂಡೇ ಇತ್ತು. ಬೆಂಕಿ ತಡೆಯುವ ಪ್ರಮಾಣಪತ್ರ ಇದೆಯೇ ಎಂದು ಮಾರಿದವರನ್ನು ಕೇಳಿದರೆ ಉತ್ತರವಿಲ್ಲ. 2003ರ ಫೆಬ್ರವರಿ 20ರಂದು ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ ವೇದಿಕೆಯ ಬಾಣಬಿರುಸಿನ ಕಿಡಿ ಗೋಡೆಯ ಪಾಲಿಯುರಿಥೇನ್ ಫೋಮ್‌ಗೆ ಹತ್ತಿ 100 ಜನ ಸತ್ತರು. 2013ರ ಜನವರಿ 27ರಂದು ಬ್ರೆಜಿಲ್‌ನ ಸಾಂತಾ ಮರಿಯಾದ ಕಿಸ್ ಕ್ಲಬ್‌ನಲ್ಲಿ ಛಾವಣಿಯ ಫೋಮ್ ಹೊತ್ತಿ 242 ಜನ ಸತ್ತರು. ಆ ಹೊಗೆಯಲ್ಲಿ ಸೈನೈಡ್ ವಿಷವಿತ್ತು. ಪ್ರಮಾಣಪತ್ರ ಕೊಡದ ಫೋಮ್ ಮನೆಯೊಳಗೆ ಬರಕೂಡದು, ಎಷ್ಟೇ ಅಗ್ಗವಾಗಿ ಸಿಗಲಿ.

ಕೀಳುವ ಕೆಲಸ ಅಂಟಿಸಿದ್ದಕ್ಕಿಂತ ಕಷ್ಟ. ಅಂಟಿನ ಜೊತೆ ಬಣ್ಣ ಬಂತು, ಅಲ್ಲಲ್ಲಿ ಗಾರೆಯೂ ಬಂತು.

ಆಮೇಲೆ ಮಾಡಿದ್ದನ್ನು ಹೇಳುತ್ತೇನೆ. ಮೊದಲು ಬಿಡಿಕಾಸೂ ಖರ್ಚಿಲ್ಲದೆ ಕುರ್ಚಿ ಸರಿಸಿದೆ. ಮುಂದಿನ ಗೋಡೆಯಿಂದ ಉದ್ದದ 38 ಶೇಕಡಾ ದೂರದಿಂದ ಶುರುಮಾಡಿ ಎನ್ನುತ್ತಾರೆ, ನನಗೆ ಅದು 1.3 ಮೀಟರ್. ಅಂಗೈ ಅಗಲದಷ್ಟು ಹಿಂದೆ ಮುಂದೆ ಸರಿಸುತ್ತ ಪ್ರತಿ ಸಲ ಅಳೆದೆ. ಉದ್ದದ ನಡುವೆ ಕೂತಿದ್ದರಿಂದ ಗೆರೆಯಲ್ಲಿ 50 ಹರ್ಟ್ಸ್ ಬಳಿಯೂ ಬಿದ್ದಿದ್ದ ಹಳ್ಳ ಅಷ್ಟರಲ್ಲೇ ಅರ್ಧ ತುಂಬಿತು. ಆವರ್ತನಗಳನ್ನು ಏರಿಸಿ ಇಳಿಸುವ ಈಕ್ವಲೈಜರ್‌ನಿಂದ ಹಳ್ಳ ತುಂಬಲು ಹೋಗಬೇಡಿ. ಅಲ್ಲಿ ಅಲೆಗಳು ಒಂದನ್ನೊಂದು ಅಳಿಸುತ್ತಿರುತ್ತವೆ. ನೀವು ಹೆಚ್ಚಿಸಿದಷ್ಟೂ ಅಳಿಸುವ ಅಲೆಯೂ ಹೆಚ್ಚುತ್ತದೆ, ಸ್ಪೀಕರ್ ದಣಿಯುತ್ತದೆ.

ಆಮೇಲೆ ಮೂಲೆಗಳು. ನಾಲ್ಕು ಮೂಲೆಗೂ ನೆಲದಿಂದ ಛಾವಣಿಯವರೆಗೆ ಮರದ ಚೌಕಟ್ಟು ನಿಲ್ಲಿಸಿ, ಹಿಂದಿನ ತ್ರಿಕೋನಾಕಾರದ ಜಾಗವನ್ನೆಲ್ಲ ಕಲ್ಲಿನ ಉಣ್ಣೆಯಿಂದ ತುಂಬಿದೆ. ಬಾಯಿಟ್ಟು ಊದಿದರೆ ಗಾಳಿ ಆಚೆ ಹೋಗುವಂಥ ಬಟ್ಟೆ ಹೊದಿಸಿದೆ. ಉಣ್ಣೆ ಕತ್ತರಿಸುವಾಗ ಮಾಸ್ಕ್, ಕೈಗವಸು, ಕನ್ನಡಕ ಮೂರೂ ಬೇಕು. ಅದರ ಎಳೆಗಳು ಚರ್ಮಕ್ಕೂ ಗಂಟಲಿಗೂ ತುಂಬ ಕೆಟ್ಟದಾಗಿ ಚುಚ್ಚುತ್ತವೆ. ಪಕ್ಕದ ಗೋಡೆಗೆ ಫಲಕ ಎಲ್ಲಿ ಬೇಕು ಎಂದು ತಿಳಿಯಲು, ನಾನು ಕುರ್ಚಿಯಲ್ಲಿ ಕೂತು ಒಬ್ಬರ ಕೈಲಿ ಗೋಡೆಯುದ್ದಕ್ಕೂ ಕನ್ನಡಿ ಸರಿಸಿಸಿದೆ. ಸ್ಪೀಕರ್ ಕಂಡ ಕಡೆ 10 ಸೆಂಟಿಮೀಟರ್ ದಪ್ಪದ ಫಲಕ, ಅದರ ಹಿಂದೆ ಅಷ್ಟೇ ಖಾಲಿ ಜಾಗ. ತಲೆಯ ಮೇಲೆ ಛಾವಣಿಗೆ ಒಂದು. ಉಳಿದ ಗೋಡೆ ಹಾಗೇ ಬಿಟ್ಟೆ, ಕೋಣೆಗೆ ಅಷ್ಟು ಜೀವ ಬೇಕು.

61ರ ಹಳ್ಳ ಪೂರ್ತಿ ಹೋಗಿಲ್ಲ, ಈಗಲೂ 8 ಡೆಸಿಬೆಲ್‌ನಷ್ಟಿದೆ. ಅಗಲ ಎತ್ತರ ಒಂದೇ ಇರುವ ಕೋಣೆಯಲ್ಲಿ ಅದು ಪೂರ್ತಿ ಹೋಗುತ್ತದೆ ಎಂದು ನಾನು ಮಾತು ಕೊಡಲಾರೆ. ಬಿ ಸ್ವರ ಬಂದಾಗೆಲ್ಲ ಹೆಡ್‌ಫೋನ್ ಹಾಕಿ ಇನ್ನೊಮ್ಮೆ ಕೇಳುತ್ತೇನೆ. ಗೆಳತಿಯ ಮೂರು ಹಾಡು ಮೊದಲಿಂದ ಮಿಕ್ಸ್ ಮಾಡಿ ಕೊಟ್ಟಿದ್ದೇನೆ, ಕಾರಿನಲ್ಲಿ ಕೂತು ಕೇಳಿ ಸರಿಯಾಗಿದೆ ಅಂದಿದ್ದಾಳೆ. ಇನ್ನೆರಡು ಬಾಕಿ ಇವೆ.