ಎಡಗಾಲಿಗೆ ಊರಿನ ಕಟ್ಟು, ಬಲಗಾಲಿಗೆ ಫಿಸಿಯೋ

ನನ್ನ ಎರಡೂ ಕಾಲು ಉಳುಕಿವೆ. ಒಂದೇ ಜಾಗ, ಹೊರಗಡೆ ಹರಡಿನ, ಅಂದರೆ ಪಾದದ ಗಂಟಿನ, ಕೆಳಗೆ. ನಡುವೆ ಹನ್ನೊಂದು ವರ್ಷ. ಎಡಗಾಲು 2011ರಲ್ಲಿ, ಸಕಲೇಶಪುರದ ಕಡೆಯ ನಮ್ಮೂರಿನ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಯಲ್ಲಿ. ಬಲಗಾಲು 2022ರಲ್ಲಿ, ಬೆಂಗಳೂರಿನ ವಿಜಯನಗರದ ಒಂದು ಶಟಲ್ ಕೋರ್ಟಿನಲ್ಲಿ. ಮೊದಲನೆಯದಕ್ಕೆ ಎಣ್ಣೆ, ಸೊಪ್ಪು, ಕಟ್ಟು. ಎರಡನೆಯದಕ್ಕೆ ಐಸು, ಬ್ರೇಸು, ಫಿಸಿಯೋಥೆರಪಿ. ಆಫೀಸಿಗೆ ಯಾರಾದರೂ ಕುಂಟುತ್ತಾ ಬಂದರೆ ಸೀದಾ ನನ್ನ ಟೇಬಲ್ಲಿಗೇ ಕಳಿಸುತ್ತಾರೆ, ಇವನು ಎರಡೂ ನೋಡಿದವನು ಅಂತ.

ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಗ ನನಗೆ 22, ಈಚಿನದಕ್ಕೆ 33. ಎರಡನೇ ಏಟು ಜೋರೂ ಇತ್ತು. ಆದರೂ ಮೈ ಒಂದೇ, ಮಾಡಿಕೊಂಡ ತಪ್ಪುಗಳೂ ಹೆಚ್ಚುಕಮ್ಮಿ ಒಂದೇ.

ವಾಲಿಬಾಲಿನಲ್ಲಿ ಆದದ್ದು ಎಲ್ಲರಿಗೂ ಆಗುವಂಥದ್ದೇ. ನೆಟ್ಟಿನ ಹತ್ತಿರ ಬ್ಲಾಕ್‌ಗೆ ಹಾರಿದೆ, ಇಳಿಯುವಾಗ ಎದುರಾಳಿಯ ಪಾದದ ಮೇಲೆ ಇಳಿದೆ. ಪಾದ ಒಳಕ್ಕೆ ಮಡಚಿ ನನ್ನ ಪೂರ್ತಿ ಭಾರ ಹೊರ ಅಂಚಿಗೆ ಬಿತ್ತು. ಹರಡಿನ ಹೊರಗಡೆ ಮೂರು ಲಿಗಮೆಂಟುಗಳಿವೆ, ಮೂಳೆಗೆ ಮೂಳೆ ಬಿಗಿದಿಡುವ ಪಟ್ಟಿಗಳು. ಹೀಗೆ ಮಡಚಿದಾಗ ಸಾಮಾನ್ಯವಾಗಿ ಮೊದಲು ಹರಿಯುವುದು ಮುಂದಿನದು. ಅದೆಲ್ಲ ಆಗ ಯಾರಿಗೆ ಗೊತ್ತು. ಮೈಕಿನಲ್ಲಿ ಕಾಮೆಂಟ್ರಿ ಹೇಳುತ್ತಿದ್ದವನು "ಆಟಗಾರನಿಗೆ ಸಣ್ಣ ಪೆಟ್ಟು" ಎಂದು ಹೇಳಿ, ಅದೇ ಉಸಿರಿನಲ್ಲಿ ಬಹುಮಾನ ಕೊಟ್ಟ ದಾನಿಗಳ ಹೆಸರು ಓದಲು ಶುರುಮಾಡಿದ. ಒಬ್ಬ ಸ್ಪ್ರೇ ಹೊಡೆದ. ಇನ್ನೊಬ್ಬ ಹೆಬ್ಬೆರಳು ಹಿಡಿದು ಎಳೆದ. ಮನೆಗೆ ಬಂದರೆ ಅಜ್ಜಿ ಪಕ್ಕದ ಮನೆಯ ಅತ್ತೆಗೆ ಹೇಳಿ ಕಳಿಸಿದ್ದರು. ಆಕೆ ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವರು, ಅಂಥವರು ಕಾಲಿನಿಂದ ಸವರಿದರೆ ಉಳುಕು ಬಿಡುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಮೂರು ಸಲ ಸವರಿದರು. ಬಿಡಲಿಲ್ಲ. ಆದರೆ ಅವತ್ತು ನನ್ನನ್ನು ಮುಟ್ಟಿದವರಲ್ಲಿ ನೋವು ಮಾಡದೆ ಮುಟ್ಟಿದವರು ಅವರೊಬ್ಬರೇ.

ಬೆಳಿಗ್ಗೆ ಜೀಪಿನಲ್ಲಿ ಕಟ್ಟು ಹಾಕುವ ತಾತನ ಮನೆಗೆ ಹೋದೆವು. ಬೆಂಗಳೂರಿನ ಬೀದಿಗಳಲ್ಲಿ 'ಪುತ್ತೂರು ಕಟ್ಟು' ಎಂಬ ಬೋರ್ಡು ನೋಡಿದ್ದೀರಲ್ಲ, ಅದಲ್ಲ ಇದು. (ಅಂದಹಾಗೆ ಆ ಪುತ್ತೂರು ನಮ್ಮ ದಕ್ಷಿಣ ಕನ್ನಡದ್ದಲ್ಲ, ಆಂಧ್ರದಲ್ಲಿ ತಿರುಪತಿಯ ಹತ್ತಿರದ್ದು. ನಾನೂ ಬಹಳ ದಿನ ತಪ್ಪು ತಿಳಿದಿದ್ದೆ.) ಈ ತಾತನಿಗೆ ಬೋರ್ಡೂ ಇಲ್ಲ, ಹೆಸರೂ ಇಲ್ಲಿ ಬೇಡ. ಒಂದು ನಿಮಿಷ ಒತ್ತಿ ನೋಡಿ, "ಎಲುಬಿಗೇನಾಗಿಲ್ಲ ಕಣಪ್ಪ, ನರ ಹೊರಳಿದೆ ಅಷ್ಟೆ" ಅಂದರು. ನಮ್ಮ ಭಾಷೆಯಲ್ಲಿ 'ನರ' ಅಂದರೆ ಮೈಯೊಳಗೆ ದಾರದಂತೆ ಇರುವುದೆಲ್ಲ ನರವೇ. ಆ ಲೆಕ್ಕದಲ್ಲಿ ಅವರು ಹೇಳಿದ್ದು ತಪ್ಪಲ್ಲ. ಆಮೇಲೆ ಮಾಡಿದ್ದು ಮಾತ್ರ ತಪ್ಪು ಅಂತ ಈಗ ಅನಿಸುತ್ತದೆ. ಬಿಸಿ ಎಣ್ಣೆ ಹಾಕಿ, ಹನ್ನೆರಡು ಗಂಟೆಯೂ ಕಳೆಯದ ಉಳುಕನ್ನು ಹೆಬ್ಬೆರಳಿನಲ್ಲಿ ತಿಕ್ಕಿ ತಿಕ್ಕಿ ನರ ಸರಿಮಾಡಿದರು. ನನ್ನ ಕೂಗಿಗೆ ಅಂಗಳದ ಕೋಳಿಗಳು ಚದುರಿಹೋದವು. ಒಳಗೆ ಹರಿದು ರಕ್ತ ಜಿನುಗುತ್ತಿರುವ ಜಾಗವನ್ನು ತಿಕ್ಕಿದರೆ ಬಾವು ಏರುತ್ತದೆ. ಏರಿತು. ಮರುದಿನ ಪಾದ ಯಾವ ಚಪ್ಪಲಿಗೂ ಹಿಡಿಸಲಿಲ್ಲ.

ಬೆಂಗಳೂರಿನಲ್ಲಿ ಮೊದಲ ಗಂಟೆ ಬೇರೆಯೇ ಥರ. ಸ್ಮ್ಯಾಶ್ ಹೊಡೆದು ಹಿಂದಕ್ಕೆ ಇಳಿದದ್ದು ಯಾರದೋ ಬೆವರಿನ ಹನಿಯ ಮೇಲೆ. ಜೊತೆಗಾರ ಎದುರಿನ ಜ್ಯೂಸ್ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಐಸು ತಂದ. ಟವೆಲ್ ಸುತ್ತಿ ಇಪ್ಪತ್ತು ನಿಮಿಷ, ಕಾಲು ಬ್ಯಾಗಿನ ಮೇಲೆ ಎತ್ತಿಟ್ಟು. ಬಾವು ಬಂದರೂ ಎಡಗಾಲಿನಷ್ಟು ಬರಲಿಲ್ಲ, ರಾತ್ರಿ ನಿದ್ದೆಯೂ ಬಂತು. ಮೊದಲ ಎರಡು ದಿನದ ಮಟ್ಟಿಗೆ ನನ್ನ ಓಟು ಐಸಿಗೇ. ಆದರೆ ಅದು ನೋವಿಗೆ, ವಾಸಿಯಾಗುವುದಕ್ಕೆ ಅಲ್ಲ. ರೆಸ್ಟ್, ಐಸ್, ಕಂಪ್ರೆಶನ್, ಎಲಿವೇಶನ್ ಎಂಬ ನಾಲ್ಕನ್ನು ಸೇರಿಸಿ 'ರೈಸ್' ಎಂಬ ಹೆಸರು ಕೊಟ್ಟವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, 1978ರಲ್ಲಿ. ನಮ್ಮ ಪಿ.ಟಿ. ಮೇಷ್ಟ್ರ ತನಕ ಎಲ್ಲರೂ ಅದನ್ನೇ ಕಲಿತರು. 2014ರ ಹೊತ್ತಿಗೆ ಅದೇ ಮಿರ್ಕಿನ್, ಐಸು ಮತ್ತು ಪೂರ್ತಿ ವಿಶ್ರಾಂತಿ ಎರಡೂ ವಾಸಿಯಾಗುವುದನ್ನು ನಿಧಾನ ಮಾಡಬಹುದು ಎಂದು ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಬಾವು ಅಂದರೆ ಮೈ ತನ್ನ ರಿಪೇರಿ ಕೆಲಸ ಶುರುಮಾಡಿದೆ ಎಂಬುದರ ಗುರುತು ಕೂಡ ಹೌದು. ಅದನ್ನು ಪೂರ್ತಿ ತಡೆಯಲು ಹೋಗಬಾರದು.

ಇನ್ನು ಎಕ್ಸ್-ರೇ. ಕೆನಡಾದ ಆಟವಾ ನಗರದ ವೈದ್ಯರು 1992ರಲ್ಲಿ ಇದಕ್ಕೊಂದು ಸರಳ ನಿಯಮ ಮಾಡಿದರು, ಈಗ ಜಗತ್ತಿನ ಎಲ್ಲ ಕಡೆ ಬಳಸುತ್ತಾರೆ. ಹರಡಿನ ಭಾಗದಲ್ಲಿ ನೋವಿದ್ದು, ಒಳಗಿನ ಅಥವಾ ಹೊರಗಿನ ಹರಡಿನ ಮೂಳೆಯ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದರೆ ನೋಯುತ್ತದೆಯೇ? ಏಟು ಬಿದ್ದ ಕೂಡಲೇ ನಾಲ್ಕು ಹೆಜ್ಜೆ ಇಡಲಾಗಲಿಲ್ಲವೇ, ಡಾಕ್ಟರ ಮುಂದೆಯೂ ಆಗುತ್ತಿಲ್ಲವೇ? ಯಾವುದಾದರೂ ಒಂದಕ್ಕೆ ಹೌದು ಎಂದರೂ ಎಕ್ಸ್-ರೇ ತೆಗೆಸಬೇಕು. ನಡುಪಾದಕ್ಕೂ ಇಂಥದೇ ಪರೀಕ್ಷೆ ಇದೆ, ಕಿರುಬೆರಳ ಕಡೆಯ ಅಂಚಿನ ಗುಬುಟು ಒತ್ತಿ ನೋಡುವುದು ಅದರಲ್ಲೊಂದು. ಎರಡೂ ಸಲ ನನಗೆ ನಾಲ್ಕು ಹೆಜ್ಜೆ ಆಗಿರಲಿಲ್ಲ. 2011ರಲ್ಲಿ ಎಕ್ಸ್-ರೇ ಇಲ್ಲದೆ ಬಚಾವಾದದ್ದು ಅದೃಷ್ಟ, ತಾತನ ಹೆಬ್ಬೆರಳಿನ ಜಾಣ್ಮೆಯಲ್ಲ. ಆದರೆ 2022ರಲ್ಲಿ ನಾನು ಮೊದಲು ಹೋದ ಆಸ್ಪತ್ರೆಯಲ್ಲಿ ಎಕ್ಸ್-ರೇ ಸರಿ ಇದೆ ಎಂದ ಮೇಲೂ, ಕಾಲು ಮುಟ್ಟಿಯೂ ನೋಡದೆ ಎಂಆರ್‌ಐ ಬರೆದುಕೊಟ್ಟರು. ತಾತ ಮುಟ್ಟಬಾರದ ಹೊತ್ತಲ್ಲಿ ಮುಟ್ಟಿದರು, ಇವರು ಮುಟ್ಟಬೇಕಾದ ಹೊತ್ತಲ್ಲಿ ಮುಟ್ಟಲಿಲ್ಲ. ಎಂಆರ್‌ಐ ಮಾಡಿಸಲಿಲ್ಲ. ಗೆಳೆಯ ಹೇಳಿದ ಫಿಸಿಯೋ ಹತ್ತಿರ ಹೋದೆ.

ಕಟ್ಟಿನ ವಿಷಯಕ್ಕೆ ಬರೋಣ. ತಾತ ಸೊಪ್ಪು ಅರೆದು, ಮೊಟ್ಟೆಯ ಬಿಳಿ ಕಲಸಿ ಮೆತ್ತಿ, ನಾಲ್ಕು ಬಿದಿರು ದಬ್ಬೆ ಇಟ್ಟು ಹಳೇ ಪಂಚೆಯ ಬಟ್ಟೆಯಲ್ಲಿ ಬಿಗಿದರು. ವಾರಕ್ಕೊಮ್ಮೆ ಬಿಚ್ಚಿ ಹೊಸದು, ಒಟ್ಟು ಮೂರು ಕಟ್ಟು. ಒಣಗಿದ ಮೇಲೆ ಅದು ಪ್ಲಾಸ್ಟರಿನಷ್ಟೇ ಗಟ್ಟಿ. ಬದನೆಕಾಯಿ, ಕುಂಬಳಕಾಯಿ, ಒಣಮೀನು ನಂಜು ಅಂತ ಪಥ್ಯ ಬೇರೆ. ಮೂರು ವಾರ ಜಗುಲಿಯ ಮೇಲೆ ರಾಜನ ಥರ ಕೂತಿದ್ದೆ. ಇದರಲ್ಲಿ ಒಂದು ಒಳ್ಳೆಯದಿದೆ, ಅದನ್ನು ಮರೆಸಬಾರದು: ಕಟ್ಟು ಹಾಕಿಸಿಕೊಂಡವನನ್ನು ಊರೇ ಕಾಯುತ್ತದೆ. "ಕಾಲು ಕೆಳಗಿಡಬೇಡ್ವೋ" ಎನ್ನಲು ದಾರಿಯಲ್ಲಿ ಹೋಗುವವರಿಗೂ ಹಕ್ಕು ಬಂದುಬಿಡುತ್ತದೆ. ಕೆಟ್ಟದ್ದು ಕಟ್ಟು ಬಿಚ್ಚಿದ ದಿನ ಕಂಡಿತು. ಎಡ ಮೀನಖಂಡ ಬಲಗಾಲಿನದಕ್ಕಿಂತ ಸಣ್ಣಗಾಗಿತ್ತು. ಅಮ್ಮ ಹೊಲಿಗೆ ಟೇಪು ತಂದು ಅಳೆದರು: ಒಂದೂವರೆ ಸೆಂಟಿಮೀಟರ್ ಕಮ್ಮಿ. "ಊಟ ಸರಿಯಾಗಿ ಮಾಡಿಲ್ಲ ನೀನು" ಅಂದರು.

ಕಟ್ಟು ತೀರಾ ಬಿಗಿಯಾದರೆ ಬರುವ ಅಪಾಯ ಇದಕ್ಕಿಂತ ದೊಡ್ಡದು. ಬೆರಳು ತಣ್ಣಗಾಗುವುದು, ನೀಲಿಗಟ್ಟುವುದು, ಜೋಮು ಹಿಡಿಯುವುದು ಕಂಡರೆ ಯಾರ ಮುಲಾಜೂ ನೋಡದೆ ಬಿಚ್ಚಿ ಆಸ್ಪತ್ರೆಗೆ ಓಡಬೇಕು. ರಕ್ತ ಓಡಾಡದೆ ಕಾಲನ್ನೇ ಕಳೆದುಕೊಂಡವರಿದ್ದಾರೆ.

ಬಲಗಾಲಿಗೆ ಸಿಕ್ಕಿದ್ದು ಲೇಸು ಕಟ್ಟುವ ಬ್ರೇಸು. ಪಾದ ಮೇಲೆ ಕೆಳಗೆ ಆಡುತ್ತದೆ, ಒಳಕ್ಕೆ ಹೊರಕ್ಕೆ ಮಡಚುವುದಿಲ್ಲ. ಸ್ನಾನಕ್ಕೆ ಬಿಚ್ಚಬಹುದು. ಎರಡರಲ್ಲಿ ಬ್ರೇಸೇ ಗೆದ್ದಿತು, ಇದರಲ್ಲಿ ಚರ್ಚೆಗೇನಿಲ್ಲ.

ನಿಜವಾದ ವ್ಯತ್ಯಾಸ ಶುರುವಾದದ್ದು ನಾಲ್ಕನೇ ದಿನ. ಫಿಸಿಯೋ ನನಗಿಂತ ಚಿಕ್ಕ ಹುಡುಗಿ. ನಾನು ಮಂಚದ ಮೇಲೆ ಮಲಗಲು ಹೊರಟರೆ, "ಮಲಗೋದು ಬೇಡ ಸರ್, ನಿಂತ್ಕೊಳ್ಳಿ" ಅಂದಳು. ನಿಂತದ್ದೇ ಚಿಕಿತ್ಸೆ. ನೋವು ಹತ್ತಕ್ಕೆ ಮೂರು ದಾಟದಷ್ಟು ಭಾರ ಹಾಕಿ. ಕೂತಾಗ ಹೆಬ್ಬೆರಳಿನಿಂದ ಗಾಳಿಯಲ್ಲಿ ಎ ಬಿ ಸಿ ಡಿ ಬರೆಯಿರಿ. ನಾನು ಅ ಆ ಇ ಈ ಬರೆದೆ. ಪ್ರಯತ್ನಿಸಿ ನೋಡಿ, ಉಳುಕಿದ ಕಾಲಿಗೆ ಕನ್ನಡ ವರ್ಣಮಾಲೆಯಷ್ಟು ಒಳ್ಳೆಯ ವ್ಯಾಯಾಮ ಇಲ್ಲ. 'ಝ' ಬರೆದು ಮುಗಿಸುವಷ್ಟರಲ್ಲಿ ಪಾದ ಅಷ್ಟ ದಿಕ್ಕಿಗೂ ಹೊರಳಿರುತ್ತದೆ. ಎರಡನೇ ವಾರ ರಬ್ಬರ್ ಬ್ಯಾಂಡು ಎಳೆಯುವುದು, ಹಿಮ್ಮಡಿ ಎತ್ತುವುದು. ಮೂರನೇ ವಾರ ಒಂಟಿ ಕಾಲಿನಲ್ಲಿ ನಿಲ್ಲುವುದು, ಆಮೇಲೆ ಅದನ್ನೇ ಕಣ್ಣು ಮುಚ್ಚಿ.

ಕಣ್ಣು ಮುಚ್ಚುವುದೇಕೆ ಎಂದು ಕೇಳಿದೆ. ಲಿಗಮೆಂಟು ಬರೀ ಹಗ್ಗವಲ್ಲ, ಪಾದ ಎಷ್ಟು ಓರೆಯಾಗಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ತಂತಿಗಳೂ ಅದರಲ್ಲಿವೆ. ಹಗ್ಗದ ಜೊತೆ ಆ ಸುದ್ದಿಯೂ ಕೆಡುತ್ತದೆ. ಹಗ್ಗ ತಾನಾಗಿ ಕೂಡಿಕೊಳ್ಳುತ್ತದೆ, ಸುದ್ದಿ ಮತ್ತೆ ಅಭ್ಯಾಸ ಮಾಡಿಸಿದರೆ ಮಾತ್ರ. ಕಣ್ಣು ತೆರೆದಿದ್ದರೆ ಕಣ್ಣೇ ಆ ಕೆಲಸ ಮಾಡಿಬಿಡುತ್ತದೆ, ಕಾಲು ಕಲಿಯುವುದಿಲ್ಲ.

ಎಂಟನೇ ವಾರ ಪರೀಕ್ಷೆ. ಬಲಗಾಲು, ಕಣ್ಣು ಮುಚ್ಚಿ: 28 ಸೆಕೆಂಡ್. "ಈಗ ಒಳ್ಳೇ ಕಾಲಲ್ಲಿ ನಿಂತ್ಕೊಳ್ಳಿ, ಹೋಲಿಸೋಣ" ಅಂದಳು. ಒಳ್ಳೇ ಕಾಲು ಅಂದರೆ ಹನ್ನೊಂದು ವರ್ಷದ ಹಿಂದೆ 'ವಾಸಿಯಾದ' ಎಡಗಾಲು. ಕಣ್ಣು ಮುಚ್ಚಿದೆ. ಹರಡು ಗಡಗಡ ನಡುಗಿತು, ಕೈ ಗೋಡೆ ಹುಡುಕಿತು. ನಾಲ್ಕು ಸೆಕೆಂಡ್. ಇನ್ನೊಮ್ಮೆ ಮಾಡಿಸಿದಳು. ಮೂರು.

ಆಗ ಒಂದೊಂದೇ ನೆನಪಾಯಿತು. 2013ರಲ್ಲಿ ಬಸ್ಸಿನ ಮೆಟ್ಟಿಲಿಳಿಯುವಾಗ ಹೊರಳಿದ್ದು ಇದೇ ಕಾಲು. ಕಾಫಿ ತೋಟದ ಚರಂಡಿ ದಾಟುವಾಗ, ಇನ್ನೊಮ್ಮೆ ಏನೂ ಇಲ್ಲದ ಸಪಾಟು ರಸ್ತೆಯಲ್ಲಿ. ಪ್ರತಿ ಸಲವೂ ಎರಡು ದಿನ ಎಣ್ಣೆ ಹಚ್ಚಿ, "ನನ್ನ ಎಡಗಾಲು ಸ್ವಲ್ಪ ಮೆತ್ತಗೆ" ಎಂದು ಜಾತಕದ ದೋಷ ಹೇಳಿದ ಹಾಗೆ ಹೇಳಿಕೊಂಡು ಓಡಾಡಿದ್ದೆ. ಬೇಜಾರಾಗಿದ್ದು ತಾತನ ಮೇಲಲ್ಲ. ನೋವು ಹೋದದ್ದನ್ನೇ ವಾಸಿ ಎಂದುಕೊಂಡ ನನ್ನ ಮೇಲೆ.

ಮಾತು ಬಂತು ಅಂತ ಹೇಳುತ್ತೇನೆ. ನನ್ನ ವಯಸ್ಸಿನವರೆಲ್ಲ ತಲೆಗೆ ಪಟ್ಟಿ ಸುತ್ತಿಕೊಂಡ ಅನಿಲ್ ಕುಂಬ್ಳೆಯನ್ನು ನೋಡಿ ಬೆಳೆದವರು. 2002ರ ಆಂಟಿಗುವಾ ಟೆಸ್ಟ್, ಮರ್ವಿನ್ ಡಿಲ್ಲನ್ ಚೆಂಡಿಗೆ ದವಡೆ ಮುರಿದರೂ 14 ಓವರ್ ಹಾಕಿ ಲಾರಾ ವಿಕೆಟ್ ಕಿತ್ತರು. ಅದನ್ನು ನೋಡಿ ನಾವು ಕಲಿತದ್ದು ನೋವಿದ್ದರೂ ಆಡಬೇಕು ಎಂದು. ಅದಾದ ಕೂಡಲೇ ಅವರು ಬೆಂಗಳೂರಿಗೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ನಮಗೆ ನೆನಪಿಲ್ಲ. ಬೌಲರ್ ದವಡೆಯ ಮೇಲೆ ಇಳಿಯುವುದೂ ಇಲ್ಲ. ನನಗೆ ಈಗ ಹತ್ತಿರವಾಗುವುದು ಕೆ.ಎಲ್. ರಾಹುಲ್ ಕಥೆ: 2023ರ ಮೇ ಒಂದರಂದು ತೊಡೆಗೆ ಏಟು, ಶಸ್ತ್ರಚಿಕಿತ್ಸೆ, ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಯಾರೂ ಚಪ್ಪಾಳೆ ತಟ್ಟದ ಕಸರತ್ತು, ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಅಜೇಯ 111.

ಖರ್ಚು. ತಾತನಿಗೆ ಕಟ್ಟೊಂದಕ್ಕೆ 150 ರೂಪಾಯಿ, ಮೂರಕ್ಕೆ 450, ಜೊತೆಗೆ ವೀಳ್ಯದೆಲೆ ಅಡಿಕೆ. ಬೆಂಗಳೂರಿನಲ್ಲಿ ಡಾಕ್ಟರ್ ಫೀಸು 700, ಎಕ್ಸ್-ರೇ 450, ಬ್ರೇಸು 900, ರಬ್ಬರ್ ಬ್ಯಾಂಡು 350, ಫಿಸಿಯೋ ಒಂಬತ್ತು ಸಲಕ್ಕೆ 5,400. ಒಟ್ಟು 7,800. ಎಲ್ಲರ ಕೈಲಿ ಆಗುವ ಮಾತಲ್ಲ, ನಮ್ಮೂರಲ್ಲಂತೂ ಫಿಸಿಯೋ ಬೇಕೆಂದರೆ ಹಾಸನಕ್ಕೆ ಬಸ್ಸು ಹತ್ತಬೇಕು. ಆದರೆ ಆ 7,800ರಲ್ಲಿ ಕಾಲನ್ನು ನಿಜವಾಗಿ ಸರಿಮಾಡಿದ್ದು ಒಂಟಿ ಕಾಲಲ್ಲಿ ನಿಲ್ಲುವುದು, ಅದಕ್ಕೆ ದುಡ್ಡು ಬೇಡ. ಮೊದಲ ಎರಡು ಮೂರು ಸಲ ಯಾರಾದರೂ ಸರಿಯಾಗಿ ತೋರಿಸಿಕೊಟ್ಟರೆ ಸಾಕು.

ಊರಿನದು ಎಲ್ಲಿ ಗೆದ್ದಿತು? ಅಜ್ಜಿಯ ಲಕ್ಕಿ ಸೊಪ್ಪಿನ ಶಾಖದಲ್ಲಿ. ಬಾವು ಇಳಿದ ಮೇಲೆ, ಬೆಳಿಗ್ಗೆ ಕೀಲು ಕಟ್ಟಿಗೆಯಂತೆ ಬಿಗಿದಿರುತ್ತದಲ್ಲ, ಆಗ ಸೊಪ್ಪು ಕುದಿಸಿದ ನೀರಿನ ಶಾಖಕ್ಕೆ ಸಮನಾದದ್ದು ಫಿಸಿಯೋ ಕ್ಲಿನಿಕ್ಕಿನ ಯಾವ ಮಷೀನಿನಲ್ಲೂ ನನಗೆ ಸಿಗಲಿಲ್ಲ. ಇನ್ನೊಂದು, ಒಂಟಿತನ. ಬೆಂಗಳೂರಿನಲ್ಲಿ ಮೂರನೇ ಮಹಡಿಯ ಮನೆ, ಲಿಫ್ಟ್ ಇಲ್ಲ, ಐದು ದಿನ ಡೆಲಿವರಿ ಹುಡುಗರನ್ನು ಬಿಟ್ಟರೆ ಮನೆಗೆ ಬಂದವರಿಲ್ಲ. ಊರಿನ ಜಗುಲಿಯಲ್ಲಿ ದಿನಕ್ಕೆ ಹತ್ತು ಜನ ಬಂದು, ತಮ್ಮ ತಮ್ಮ ಉಳುಕಿನ ಕಥೆ ಹೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಕಾಲಿಗೆ ಅದರಿಂದ ಏನೂ ಆಗಲಿಲ್ಲ. ನನಗೆ ಆಯಿತು.

ಈಗ ಯಾರಾದರೂ ಕೇಳಿದರೆ ಹೇಳುವುದಿಷ್ಟು: ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಮೊದಲು ಎಕ್ಸ್-ರೇ. ಎರಡು ದಿನ ಐಸು, ತಿಕ್ಕುವುದು ಬೇಡವೇ ಬೇಡ. ಆಮೇಲೆ ಬ್ರೇಸು ಹಾಕಿ ನಡೆಯಿರಿ, ಸೊಪ್ಪಿನ ಶಾಖ ಬೇಕಾದರೆ ಕೊಟ್ಟುಕೊಳ್ಳಿ. ನೋವು ಹೋದ ದಿನದಿಂದ ಒಂಟಿ ಕಾಲಿನ ಲೆಕ್ಕ ಶುರುಮಾಡಿ, ಆಟಕ್ಕೆ ಇಳಿಯುವ ಮೊದಲು ಎರಡೂ ಕಾಲಿನ ಲೆಕ್ಕ ಸಮ ಬರಲಿ.

ನನ್ನದಿನ್ನೂ ಸಮ ಬಂದಿಲ್ಲ. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಸಿಂಕಿನ ಮುಂದೆ ಎಡಗಾಲಲ್ಲಿ ನಿಂತು ಕಣ್ಣು ಮುಚ್ಚುತ್ತೇನೆ. ನಾಲ್ಕಿದ್ದದ್ದು ಹತ್ತೊಂಬತ್ತಕ್ಕೆ ಬಂದು ಕೂತಿದೆ. ಇಪ್ಪತ್ತರ ಹತ್ತಿರ ಬಂದಾಗ ಪ್ರತಿ ಸಲವೂ ಕಿರುಬೆರಳು ನೆಲ ಬಿಡುತ್ತದೆ, ಪೇಸ್ಟಿನ ನೊರೆ ಬನಿಯನ್ ಮೇಲೆ ಬೀಳುತ್ತದೆ.