ಅಮ್ಮನ್ನ ಕರ್ಕೊಂಡು ಇಂದಿರಾನಗರದಲ್ಲಿ ಬರ್ಮಾ ಊಟ

ಅಮ್ಮ ಸಾಗರದಿಂದ ಬಂದಾಗೆಲ್ಲ ನಂಗೆ ಒಂದೇ ತಲೆನೋವು, ಹೊರಗಡೆ ಊಟಕ್ಕೆ ಎಲ್ಲಿಗೆ ಕರ್ಕೊಂಡು ಹೋಗೋದು ಅಂತ. ದೋಸೆ ಅಂದ್ರೆ "ಅದನ್ನ ತಿನ್ನಕ್ಕೆ ಬೆಂಗಳೂರಿಗೆ ಬರ್ಬೇಕಿತ್ತಾ" ಅಂತಾಳೆ, ನಾರ್ತ್ ಇಂಡಿಯನ್ ಅಂದ್ರೆ ಎಲ್ಲಾ ಗ್ರೇವಿನೂ ಒಂದೇ ಥರ ಅಂತಾಳೆ (ಸುಳ್ಳೇನಲ್ಲ ಬಿಡಿ).

ಹೋದ್ ಸಲ ಒಂದು ಪ್ಯಾನ್ ಏಷ್ಯನ್ ಜಾಗಕ್ಕೆ ಹೋಗಿ ಮಂಗ ಆದ್ವಿ, ಹೆಸರು ಬೇಡ. ಸುಶಿ, ಡಿಮ್ಸಮ್, ರಾಮೆನ್, ಪ್ಯಾಡ್ ಥಾಯ್ ಎಲ್ಲಾ ಒಂದೇ ಮೆನುನಲ್ಲಿ, ಎಲ್ಲದಕ್ಕೂ ಅದೇ ಸೋಯಾ ಸಾಸ್ ರುಚಿ. ವೆಜ್ ಪ್ಯಾಡ್ ಥಾಯ್ ಅರ್ಧ ತಿಂದ್ಮೇಲೆ ಯಾಕೋ ಡೌಟ್ ಬಂದು ಕೇಳಿದ್ರೆ ಆ ಹುಡುಗ "ಸರ್, ಫಿಶ್ ಸಾಸ್ ಅಷ್ಟೇ, ಫಿಶ್ ಇಲ್ಲ" ಅಂದ! ಅಮ್ಮ ಏನೂ ಮಾತಾಡ್ಲಿಲ್ಲ, ನೀರು ಕುಡಿದು ತಟ್ಟೆ ಪಕ್ಕಕ್ಕೆ ತಳ್ಳಿದ್ಲು. ಅದರ ಮೇಲೆ ಬಿಲ್ಲಲ್ಲಿ 10% ಸರ್ವೀಸ್ ಚಾರ್ಜ್ ಬೇರೆ. ಅದನ್ನ ತಾನಾಗೇ ಸೇರಿಸೋ ಹಾಗಿಲ್ಲ ಅಂತ 2022ರಲ್ಲೇ ಗ್ರಾಹಕ ಪ್ರಾಧಿಕಾರ ಹೇಳಿದೆ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿದಿದೆ, ಅಂದಾಗ ಮುಖ ಗಂಟು ಹಾಕ್ಕೊಂಡು ತೆಗೆದ್ರು. ನಿಮ್ಮನೇಲೂ ಶುದ್ಧ ವೆಜ್ ಇರೋರು ಇದ್ರೆ ಆರ್ಡರ್ ಮಾಡೋಕ್ ಮುಂಚೆನೇ ಕೇಳಿ, ಥಾಯ್ ಕರಿ ಪೇಸ್ಟಲ್ಲಿ ಸಾಮಾನ್ಯವಾಗಿ ಒಣ ಸೀಗಡಿ ಪೇಸ್ಟ್ ಇರುತ್ತೆ, ಜಪಾನಿ ಮಿಸೊ ಸೂಪಿನ ನೀರಲ್ಲೇ ಒಣಮೀನಿನ ಸಾರ ಇರುತ್ತೆ, ಕೊರಿಯನ್ ಕಿಮ್ಚಿ ಬರೀ ಎಲೆಕೋಸು ಅನ್ಕೊಂಡ್ರೆ ಅದರಲ್ಲೂ ಮೀನಿನ ಸಾಸ್.

ಅದಕ್ಕೇ ಈ ಸಲ ಇಂದಿರಾನಗರದ ಬರ್ಮಾ ಬರ್ಮಾಗೆ ಹೋದ್ವಿ. 2014ರಲ್ಲಿ ಮುಂಬೈ ಫೋರ್ಟಲ್ಲಿ ಶುರುವಾದ ಹೋಟೆಲ್ಲು, ಪೂರ್ತಿ ಸಸ್ಯಾಹಾರಿ, ಡ್ರಿಂಕ್ಸೂ ಇಲ್ಲ. ಒಂದೇ ದೇಶದ ಅಡುಗೆ, ಅಷ್ಟೇ. ಬರ್ಮಾದಲ್ಲಿ ಜನ ಮೀನು, ಕೋಳಿ ಎಲ್ಲಾ ಚೆನ್ನಾಗೇ ತಿಂತಾರೆ, ಇವರು ಅದನ್ನೇ ತರಕಾರಿಗೆ ತಿರುಗಿಸಿದಾರೆ.

ಮೊದಲು ಬಂದಿದ್ದು ಟೀ ಎಲೆ ಸಲಾಡ್. ಹುದುಗಿಸಿದ ಟೀ ಎಲೆಗೆ ಹುರಿದ ಶೇಂಗಾ, ಎಳ್ಳು, ಬೆಳ್ಳುಳ್ಳಿ ಎಲ್ಲಾ ಹಾಕಿ ಕಲಸಿರ್ತಾರೆ. ಅಮ್ಮ "ನಾನು ಗುಲಾಬಿ ಗಿಡದ ಬುಡಕ್ಕೆ ಹಾಕೋದನ್ನ ಇವರು ತಿಂತಾರಾ" ಅಂದ್ಲು. ಆಮೇಲೆ ಎರಡು ಚಮಚ ತಿಂದು, ಕಹಿ ಒಂದೆಲಗದ ಥರ ಇದೆ, ಪರ್ವಾಗಿಲ್ಲ ಅಂತ ಸರ್ಟಿಫಿಕೇಟ್ ಕೊಟ್ಲು, ಆದ್ರೆ ಮೂರನೇ ಚಮಚ ತಗೊಳ್ಳಲಿಲ್ಲ. ನಾನೇ ಖಾಲಿ ಮಾಡ್ದೆ, ನಂಗೆ ಆ ಕರುಂ ಕುರುಂ ತುಂಬ ಇಷ್ಟ. ಸಮೋಸ ಸೂಪ್ ಅಂತ ಇನ್ನೊಂದು, ಹುಳಿ ಸೂಪಲ್ಲಿ ಸಮೋಸ ಮುಳುಗಿಸಿರೋದು, ರಸಂ ವಡೆ ತಿನ್ನೋ ಜನಕ್ಕೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಅಸಲಿ ಮಜಾ ಖೌ ಸುಯೇದು. ಮೆನುನಲ್ಲಿ "ಓ ನೋ ಖೌ ಸುಯೇ" ಅಂತ ನೋಡಿ ಅಮ್ಮ "ಯಾಕೆ, ಏನಾಯ್ತಂತೆ" ಅಂದ್ಲು, ಓ ನೋ ಅಂದ್ರೆ ಬರ್ಮಾ ಭಾಷೇಲಿ ತೆಂಗಿನಹಾಲು. ನೂಡಲ್ಸ್, ತೆಂಗಿನಹಾಲಿನ ಸೂಪು, ಸುತ್ತ ಚಿಕ್ಕ ಚಿಕ್ಕ ಬಟ್ಟಲಲ್ಲಿ ಕರಿದ ಬೆಳ್ಳುಳ್ಳಿ, ಈರುಳ್ಳಿ, ಶೇಂಗಾ, ಮೆಣಸಿನಪುಡಿ, ನಿಂಬೆಹಣ್ಣು, ಬೇಕಾದ್ದು ಬೇಕಾದಷ್ಟು ಹಾಕ್ಕೊಳ್ಳೋದು. ಅಮ್ಮ ಕಲಸೋಕ್ ಮುಂಚೆ ಬರೀ ಸೂಪು ಒಂದು ಚಮಚ ಬಾಯಿಗೆ ಹಾಕಿ ಕಣ್ಣು ಮುಚ್ಚಿ "ಕಾಯಿಹಾಲಿಗೆ ಕಡ್ಲೆಹಿಟ್ಟು ಕಲಸಿದಾರೆ" ಅಂದ್ಲು. ಬಡಿಸೋ ಹುಡುಗ, ಈಶಾನ್ಯದ ಕಡೆಯವನು ಅನ್ಸುತ್ತೆ, ನಕ್ಕು "ಹೌದು ಅಮ್ಮ, ಕರೆಕ್ಟ್, ಖಾರ ಬೇಕಾ ಇನ್ನೂ?" ಅಂತ ಕನ್ನಡದಲ್ಲೇ ಕೇಳ್ದ, ಅಷ್ಟಕ್ಕೇ ಅಮ್ಮನ ಪಾಲಿಗೆ ಹೋಟೆಲ್ಲು ಪಾಸ್. ಬರ್ಮಾದವರು ಮೋಹಿಂಗಾ ಅಂತ ಬೆಳಿಗ್ಗೆ ತಿನ್ನೋ ಮೀನಿನ ಸಾರಿಗೆ ಬಾಳೆದಿಂಡು ಹಾಕ್ತಾರೆ ಅಂತ ನಾನು ಹೇಳಿದ್ದಕ್ಕೆ "ನಾರು ತೆಗೀತಾರಾ, ಹಾಗೇ ಹಾಕ್ತಾರಾ" ಅನ್ನೋ ಪ್ರಶ್ನೆ ಬಂತು, ನಂಗೇನ್ ಗೊತ್ತು.

ಇಬ್ಬರಿಗೆ 2,000ದ ಆಚೀಚೆ ಆಯ್ತು, ದಿನಾ ಹೋಗೋ ಜಾಗ ಅಲ್ಲ. ಆದ್ರೆ ತಟ್ಟೆಲಿರೋದು ಏನು ಅನ್ನೋ ಅನುಮಾನ ಇಲ್ದೆ ವಯಸ್ಸಾದವರು ಆರಾಮಾಗಿ ತಿಂತಾರೆ, ನಂಗೆ ದುಡ್ಡು ವಸೂಲು. ಕಾರ್ ತಗೊಂಡು ಹೋಗ್ಬೇಡಿ, ಇಂದಿರಾನಗರದಲ್ಲಿ ಪಾರ್ಕಿಂಗ್ ಹುಡುಕೋದ್ರಲ್ಲೇ ಹಸಿವು ಸತ್ತೋಗುತ್ತೆ, ಮೆಟ್ರೋ ಇದೆ. ನಾವೂ ಹಾಗೇ ವಾಪಸ್ ಬಂದ್ವಿ, ಮೆಜೆಸ್ಟಿಕ್ ದಾಟಿದ್ರೂ ಅಮ್ಮಂದು ಒಂದೇ ಗೊಣಗಾಟ, ಆ ಬೆಳ್ಳುಳ್ಳಿ ಕರಿದ ಎಣ್ಣೆ ಯಾವ್ದು ಅಂತ ಹುಡುಗನ್ನ ಕೇಳ್ಬೇಕಿತ್ತು ಅಂತ.